ರೈಡರ್ ಕಪ್ಪೋ, ಪ್ರೆಸಿಡೆಂಟ್ಸ್ ಕಪ್ಪೋ: ಮೊದಲು ಯಾವುದನ್ನು ನೋಡಲಿ?

ಗಾಲ್ಫ್‌ಗೆ ಹೊಸಬರಾಗಿದ್ದರೆ ನನ್ನ ಓಟು ರೈಡರ್ ಕಪ್‌ಗೆ. 1927ರಲ್ಲಿ ಶುರುವಾದದ್ದು, ಈಗ ಅಮೆರಿಕ ಮತ್ತು ಯುರೋಪ್ ನಡುವಿನ ಹಣಾಹಣಿ. ಮೂರು ದಿನ, 28 ಪಂದ್ಯ. ಒಟ್ಟು ಹೊಡೆತಗಳ ಲೆಕ್ಕವಿಲ್ಲ. ಒಂದೊಂದು ಹೋಲ್‌ಗೂ (ಚೆಂಡನ್ನು ಒಂದು ಕುಳಿಗೆ ಸೇರಿಸುವ ಸುತ್ತು) ಬೇರೆ ಸ್ಪರ್ಧೆ, ಹೆಚ್ಚು ಹೋಲ್ ಗೆದ್ದವರದ್ದೇ ಪಂದ್ಯ, ಹಾಗಾಗಿ ಆಟ ಬೇಗ ಅರ್ಥವಾಗುತ್ತದೆ. ಫೋರ್‌ಸಮ್ಸ್ ಎಂಬ ಜೋಡಿ ಪಂದ್ಯದಲ್ಲಂತೂ ಜೊತೆಗಾರರಿಬ್ಬರಿಗೂ ಒಂದೇ ಚೆಂಡು, ಸರದಿಯಂತೆ ಹೊಡೆಯಬೇಕು. ಒಬ್ಬ ಪೊದೆಗೆ ಹೊಡೆದರೆ ಅಲ್ಲಿಂದಲೇ ಹೊಡೆಯುವ ಪಾಡು ಜೊತೆಗಾರನದು. 2012ರಲ್ಲಿ ಶಿಕಾಗೋ ಹತ್ತಿರದ ಮೆಡೈನಾದಲ್ಲಿ 10–6ರಿಂದ ಹಿಂದಿದ್ದ ಯುರೋಪ್, ಕೊನೆಯ ದಿನ 14½–13½ರಿಂದ ಗೆದ್ದುಬಿಟ್ಟಿತು!

ಪ್ರೆಸಿಡೆಂಟ್ಸ್ ಕಪ್ 1994ರದು. ಅಮೆರಿಕದ ಎದುರು ಯುರೋಪ್ ಬಿಟ್ಟು ಉಳಿದ ಜಗತ್ತು, ನಾಲ್ಕು ದಿನ, 30 ಪಂದ್ಯ. ಅಮೆರಿಕದ್ದೇ ಮೇಲುಗೈ, ಎದುರಾಳಿಗಳು ಗೆದ್ದದ್ದು 1998ರಲ್ಲಿ ಮೆಲ್ಬರ್ನ್‌ನಲ್ಲಿ ಮಾತ್ರ, 2003ರಲ್ಲಿ ಸಮ. ಪೈಪೋಟಿ ಅಷ್ಟು ಬಿಗಿ ಇಲ್ಲ ಎನ್ನಿಸುವುದು ಇದಕ್ಕೇ.

ಆದರೂ ನಮ್ಮವರು ಆಡಬಹುದಾದದ್ದು ಇದರಲ್ಲೇ. ಬೆಂಗಳೂರಿನ ಅನಿರ್ಬನ್ ಲಾಹಿರಿ 2015ರಲ್ಲಿ ಕೊರಿಯಾದಲ್ಲಿ ಆಡಿದರು. ಕೊನೆಯ ದಿನ, 18ನೇ ಹೋಲ್‌ನಲ್ಲಿ ಕೆಲವೇ ಅಡಿ ದೂರದ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಮೆಲ್ಲನೆಯ ಹೊಡೆತ) ತಪ್ಪಿತು, ಪಂದ್ಯವೂ ಹೋಯಿತು. ಅಮೆರಿಕ ಕಪ್ ಗೆದ್ದದ್ದು ಬರೀ ಒಂದು ಅಂಕದಿಂದ. ಈಗ ನೆನೆದರೂ ಹೊಟ್ಟೆ ಚುರ್ ಎನ್ನುತ್ತದೆ. ನಮ್ಮವರೊಬ್ಬರು ತಂಡದಲ್ಲಿದ್ದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ.

ರೈಡರ್ ಕಪ್ ಯುರೋಪಿನಲ್ಲಿ ನಡೆಯುವ ವರ್ಷ ನಮ್ಮಲ್ಲಿ ಹಗಲಲ್ಲೇ ಶುರುವಾಗಿ ರಾತ್ರಿ ಮಲಗುವ ಹೊತ್ತಿಗೆ ಮುಗಿಯುತ್ತದೆ. ಅಮೆರಿಕದಲ್ಲಾದರೆ ಸಂಜೆಗೆ ಶುರು, ನಡುರಾತ್ರಿ ದಾಟುವವರೆಗೂ ಎದ್ದಿರಬೇಕು.