ಮೈಸೂರಿಂದ ಮಡಿಕೇರಿಗೆ 120 ಕಿ.ಮೀ.: ದಾರಿಗೇ ಅಂಕ ಹಾಕಿದರೆ

ಮೊದಲೇ ಅಂಕ ಹೇಳಿಬಿಡೋಣ. ರಸ್ತೆಗೆ ಐದಕ್ಕೆ ನಾಲ್ಕು, ದಾರಿಯಲ್ಲಿ ಸಿಗುವ ತಾಣಗಳಿಗೆ ಮೂರೂವರೆ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೈಸೂರು ಬಿಡುವ ಯೋಜನೆಗೆ ಸೊನ್ನೆ.

ಮೈಸೂರಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪದ ಮೇಲೆ ಮಡಿಕೇರಿ ಸೇರುವ ರಾಷ್ಟ್ರೀಯ ಹೆದ್ದಾರಿ 275 ಸುಮಾರು 120 ಕಿ.ಮೀ. ಒಂದು ಕಾಫಿ ವಿರಾಮ ಸೇರಿಸಿ ಮೂರು ಗಂಟೆ ಇಟ್ಟುಕೊಳ್ಳಿ. ಸಾರಿಗೆ ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಬರೀ ಊರು ಮುಟ್ಟುವುದಾದರೆ ಯೋಜನೆ ಬೇಕಿಲ್ಲ. ಆದರೆ ಗೋಲ್ಡನ್ ಟೆಂಪಲ್, ನಿಸರ್ಗಧಾಮ, ದುಬಾರೆ, ಅಬ್ಬಿ ಜಲಪಾತ, ರಾಜಾಸೀಟ್ ಐದನ್ನೂ ಒಂದೇ ದಿನಕ್ಕೆ ತುರುಕುವ ಚಾಳಿ ಇದೆಯಲ್ಲ, ಕೆಡುವುದು ಅಲ್ಲೇ. ಐದರಲ್ಲಿ ನಾಲ್ಕು ನಿಮ್ಮ ಹೊತ್ತಿಗೆ ಹೊಂದಿಕೊಳ್ಳುತ್ತವೆ. ದುಬಾರೆ ಹೊಂದಿಕೊಳ್ಳುವುದಿಲ್ಲ, ಆನೆಗಳ ಸ್ನಾನದ ಹೊತ್ತು ನಿಮಗಾಗಿ ಕಾಯುವುದಿಲ್ಲ. ಹಾಗಾಗಿ ಅದನ್ನು ಮೊದಲು ಗೂಟಕ್ಕೆ ಕಟ್ಟಿ, ಉಳಿದದ್ದನ್ನು ಅದರ ಸುತ್ತ ಜೋಡಿಸಬೇಕು. ಒಂದು ರಾತ್ರಿ ಮಡಿಕೇರಿಯಲ್ಲಿ ತಂಗುವ ಲೆಕ್ಕದಲ್ಲೇ ಮುಂದಿನದನ್ನು ಓದಿ.

ಬೆಳಿಗ್ಗೆ ಆರಕ್ಕೆ ಹೊರಡಿ. ಹೋಗುವುದು ಪಶ್ಚಿಮಕ್ಕಾದ್ದರಿಂದ ಬೆಳಗಿನ ಬಿಸಿಲು ಬೆನ್ನಿಗಿರುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಇಲವಾಲ, ಬಿಳಿಕೆರೆ ದಾಟಿ ಹುಣಸೂರಿಗೆ ಸುಮಾರು 45 ಕಿ.ಮೀ. ತಿಂಡಿ ಇಲ್ಲೇ ಮುಗಿಸುವುದು ವಾಸಿ. ಏಳರ ಹೊತ್ತಿಗೆ ಇಡ್ಲಿ ಹಬೆಯಾಡುತ್ತಿರುತ್ತದೆ, ಎಂಟೂವರೆ ದಾಟಿದರೆ ಟೂರಿಸ್ಟ್ ಬಸ್ಸುಗಳ ಹಿಂದೆ ಸಾಲು ನಿಲ್ಲಬೇಕು. ಹುಣಸೂರು, ಪಿರಿಯಾಪಟ್ಟಣದ ಹೊಲಗಳ ನಡುವೆ ಚಿಮಣಿ ಇಟ್ಟ ಎತ್ತರದ ಗೋಡೆಯ ಮನೆಗಳು ಕಾಣುತ್ತವೆ. ಅವು ವರ್ಜೀನಿಯಾ ತಂಬಾಕು ಬೇಯಿಸುವ ಬ್ಯಾರನ್‌ಗಳು. ಅದು ಬಿಟ್ಟರೆ ಈ 85 ಕಿ.ಮೀ.ಯಲ್ಲಿ ಇಳಿದು ನೋಡುವಂಥದ್ದು ಕಡಿಮೆ. ರಸ್ತೆ ನೇರ, ವೇಗ ತಾನಾಗಿ ಏರುತ್ತದೆ. ಹಳ್ಳಿ ಬಂದಾಗೆಲ್ಲ ಹಂಪ್ ಇದ್ದೇ ಇರುತ್ತದೆ, ಬಣ್ಣ ಮಾಸಿದ್ದು ಹತ್ತಿರ ಬರುವವರೆಗೂ ಕಾಣದು. ಹಿಂದಿನ ಸೀಟಿನಲ್ಲಿ ಹಿರಿಯರಿದ್ದರೆ ಊರ ಫಲಕ ಕಂಡಕೂಡಲೇ ನಿಧಾನಿಸಿ.

ಟಿಬೆಟನ್ನರ ನೆಲೆಯಾದ ಬೈಲಕುಪ್ಪೆ ಬರುತ್ತಲೇ ಎಲ್ಲರ ಕಾರೂ ಗೋಲ್ಡನ್ ಟೆಂಪಲ್ ಕಡೆ ತಿರುಗುತ್ತದೆ. ತಿರುಗಬೇಡಿ. ಅದು ಹಿಂದಿರುಗುವ ದಿನಕ್ಕಿರಲಿ. ನೇರ ಕಾವೇರಿ ಸೇತುವೆ ದಾಟಿ ಕೊಡಗಿಗೆ ಕಾಲಿಟ್ಟು, ಕುಶಾಲನಗರದಲ್ಲಿ ಪೆಟ್ರೋಲ್ ತುಂಬಿಸಿ, ಟೈರ್ ಗಾಳಿ ನೋಡಿಸಿ, ಗುಡ್ಡೆಹೊಸೂರಿನಲ್ಲಿ ಎಡಕ್ಕೆ ತಿರುಗಿದರೆ ನಂಜರಾಯಪಟ್ಟಣದ ಮೇಲೆ ದುಬಾರೆ. ಕುಶಾಲನಗರದಿಂದ ಸುಮಾರು 15 ಕಿ.ಮೀ. ಒಂಬತ್ತರೊಳಗೆ ಹೊಳೆದಂಡೆಯಲ್ಲಿರಬೇಕು.

ದುಬಾರೆ ಅರಣ್ಯ ಇಲಾಖೆಯ ಸಾಕಾನೆ ಶಿಬಿರ. ಮೈಸೂರು ದಸರೆಗೆ ಹೋಗುವ ಆನೆಗಳಲ್ಲಿ ಕೆಲವು ಇಲ್ಲಿಂದಲೇ ಹೊರಡುತ್ತವೆ. ಆನೆಗಳನ್ನು ನೀರಿಗಿಳಿಸಿ ಉಜ್ಜುವುದು, ರಾಗಿ ಮುದ್ದೆ ತಿನ್ನಿಸುವುದು ಎಲ್ಲ ಒಂಬತ್ತರಿಂದ ಹನ್ನೊಂದರ ಆಸುಪಾಸು. ಶಿಬಿರ ಹೊಳೆಯ ಆಚೆ ದಡದಲ್ಲಿದೆ, ದಾಟಲು ಮೋಟಾರ್ ದೋಣಿ. ಆನೆ ತಪ್ಪಿಸುವುದು ಈ ದೋಣಿಯ ಸಾಲೇ. ರಜಾದಿನ ಹತ್ತರ ಮೇಲೆ ಬಂದರೆ ಸಾಲಿನಲ್ಲೇ ಹೊತ್ತು ಹೋಗಿ, ಆಚೆ ಮುಟ್ಟುವಾಗ ಆನೆಗಳು ಮೈ ಒರೆಸಿಕೊಂಡು ಹೊರಟಿರುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುವವರನ್ನು ಕಂಡು ನೀವೂ ಇಳಿಯಬೇಡಿ. ಬಂಡೆ ಪಾಚಿಗಟ್ಟಿರುತ್ತದೆ, ನಡುನಡುವೆ ಗುಂಡಿಗಳಿವೆ, ಮೇಲಿನಿಂದ ಆಳ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಹಿಂದಿನ ದಿನವೇ, ತಾವು ಉಳಿದುಕೊಳ್ಳಲಿರುವ ಜಾಗಕ್ಕೆ ಫೋನ್ ಮಾಡಿ ನೀರಿನ ಮಟ್ಟ ವಿಚಾರಿಸಿಯೇ ಆರಕ್ಕೆ ಏಳುವ ಶಿಕ್ಷೆ ಒಪ್ಪಿಕೊಳ್ಳಲಿ. ಬದಲಿ ಒಂದು ಜೊತೆ ಬಟ್ಟೆ, ಹಿಡಿತವಿರುವ ಚಪ್ಪಲಿ, ಟಿಕೆಟ್‌ಗೆ ಪಾರ್ಕಿಂಗ್‌ಗೆ ಚಿಲ್ಲರೆ ಇರಲಿ. ಕಾಡಂಚಿನಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ಸುತ್ತುತ್ತಲೇ ಇರುತ್ತದೆ.

ಹನ್ನೊಂದಕ್ಕೆ ಹೊರಬಿದ್ದರೆ ಮಧ್ಯಾಹ್ನದ ಊಟಕ್ಕೆ ಮುನ್ನ ಇನ್ನೊಂದು ತಾಣಕ್ಕಷ್ಟೇ ಹೊತ್ತಿದೆ. ಮಕ್ಕಳಿದ್ದರೆ ಕಾವೇರಿ ನಿಸರ್ಗಧಾಮ, ಹೊಳೆ ನಡುವಿನ ದ್ವೀಪ, ಬಿದಿರು ಮೆಳೆಗಳ ನೆರಳು. ಸದ್ದುಗದ್ದಲ ಆಗದವರು ಚಿಕ್ಲಿಹೊಳೆ ಜಲಾಶಯಕ್ಕೆ ಹೋಗಲಿ. ಅಲ್ಲಿ ಹೆಚ್ಚಾದ ನೀರು ಗೋಡೆ ಮೇಲಿಂದ ಧುಮುಕುವುದಿಲ್ಲ, ಜಲಾಶಯದೊಳಗಿನ ದುಂಡು ಬಾವಿಯಂಥ ಬಾಯಿಯ ಸುತ್ತಲಿಂದ ಒಳಗಿಳಿಯುತ್ತದೆ. ಜಲಾಶಯ ತುಂಬುವ ಮಳೆಗಾಲದಲ್ಲಿ ಮಾತ್ರ ಕಾಣುವ ನೋಟ. ಬೇಸಿಗೆಯಲ್ಲಿ ಬರೀ ಸಿಮೆಂಟು ಬಳೆ. ಅಂಗಡಿ ನೆಚ್ಚಿಕೊಂಡು ಹೋಗಬೇಡಿ, ನೀರು ಒಯ್ಯಿರಿ. ಹಾರಂಗಿ ಅಣೆಕಟ್ಟು ಹೆದ್ದಾರಿಯ ಇನ್ನೊಂದು ಬದಿಗೆ ಬೀಳುವುದರಿಂದ ಈ ಸುತ್ತಿಗೆ ಹೊಂದುವುದಿಲ್ಲ.

ಗುಡ್ಡೆಹೊಸೂರಿಗೆ ಮರಳಿ ಮಡಿಕೇರಿ ಕಡೆ ತಿರುಗಿದ ಮೇಲೆ ದಾರಿಯ ಗುಣವೇ ಬೇರೆ. ಆನೆಕಾಡು ಹೆಸರಿಗಷ್ಟೇ ಆನೆಕಾಡಲ್ಲ. ಮುಂಜಾನೆ, ಮುಸ್ಸಂಜೆ ಆನೆ ರಸ್ತೆ ದಾಟುವುದುಂಟು. ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ಲೈಟ್ ಮಿಟುಕಿಸಬೇಡಿ, ಫೋಟೋಗೆಂದು ಇಳಿಯಲೇಬೇಡಿ. 7ನೇ ಹೊಸಕೋಟೆ ದಾಟಿ ಸುಂಟಿಕೊಪ್ಪ ಬಂದಮೇಲೆ ಎರಡೂ ಕಡೆ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಇಲ್ಲಿಂದ ಕೆದಕಲ್, ಬೋಯಿಕೇರಿವರೆಗೆ ತಿರುವುಗಳು ಒಂದರ ಬೆನ್ನಿಗೊಂದು. ಹೊಟ್ಟೆ ತೊಳಸುವವರಿಗೆ ಮಾತ್ರೆ ಕೊಡಬೇಕಾದದ್ದು ಗುಡ್ಡೆಹೊಸೂರಿನಲ್ಲಿ. ಸುಂಟಿಕೊಪ್ಪದಲ್ಲಿ ಕೊಟ್ಟರೆ ಅದು ಕೆಲಸ ಶುರುಮಾಡುವಷ್ಟರಲ್ಲಿ ಮಡಿಕೇರಿ ಬಂದಿರುತ್ತದೆ. ಏರು ಕಡಿದಾದುದಲ್ಲ, ಸಣ್ಣ ಕಾರೂ ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತದೆ. ಎಚ್ಚರ ಬೇಕಾದದ್ದು ಇಳಿಯುವಾಗ. ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಸಡಿಲವಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿದರೆ ಎಂಜಿನ್ನೇ ವೇಗ ತಡೆಹಿಡಿಯುತ್ತದೆ. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ, ಲೋ ಬೀಮ್ ಸಾಕು. ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತ ಹೋಗುವವರು ಯಾವ ಕಡೆ ತಿರುಗುತ್ತಾರೋ ಹಿಂದಿನವನಿಗೆ ದೇವರೇ ಹೇಳಬೇಕು.

ಊಟ ಮಡಿಕೇರಿಯಲ್ಲಿ, ಒಂದೂವರೆಯೊಳಗೆ. ಇದಕ್ಕೆ ಕಾರಣ ಹಸಿವಲ್ಲ, ಕಡಂಬುಟ್ಟು. ಅಕ್ಕಿತರಿಯ ಈ ಉಂಡೆ ಹಬೆಯಿಂದ ಇಳಿದ ಬಿಸಿಯಲ್ಲಿ ಮೆದು, ಆರಿದರೆ ಗಟ್ಟಿ. ಮೂರರ ಮೇಲೆ ಹೋದವರಿಗೆ ಸಿಗುವುದು ಎರಡನೆಯದು. ಹಂದಿ ಮಾಂಸದ ಪಂದಿ ಕರಿ ಒಳ್ಳೆಯದೋ ಅಲ್ಲವೋ ಬಣ್ಣದಲ್ಲೇ ಗೊತ್ತಾಗುತ್ತದೆ. ಕಪ್ಪಾಗುವಷ್ಟು ಹುರಿದ ಮಸಾಲೆ, ಕಾಳುಮೆಣಸು, ಕಾಚಂಪುಳಿ ಎಂಬ ಕೊಡಗಿನ ಹುಳಿರಸ ಬಿದ್ದದ್ದು ಕಡುಕಂದು, ಹೆಚ್ಚುಕಡಿಮೆ ಕಪ್ಪು. ಕೆಂಪಗೆ, ಟೊಮೆಟೊ ಗೊಜ್ಜಿನಂತೆ ಎಣ್ಣೆ ತೇಲುತ್ತಿದ್ದರೆ ಅದು ಬೇರೆ ಊರಿನ ಸಾರು. ಮಾಂಸ ತಿನ್ನದವರಿಗೆ ಅಕ್ಕಿ ಒಟ್ಟಿ, ನೂಲ್‌ಪುಟ್ಟು, ಮಳೆಗಾಲವಾದರೆ ಕಳಲೆಯ ಬೈಂಬಳೆ ಕರಿ, ಅಣಬೆಯ ಕುಮ್ಮು ಕರಿ. ಕೇಳಿ ನೋಡಬೇಕು, ಮೆನುವಿನಲ್ಲಿ ಗೋಬಿ ಮಂಚೂರಿ ಮೊದಲ ಪುಟದಲ್ಲೂ ಇವು ಕೊನೆಯಲ್ಲೂ ಇರುತ್ತವೆ.

ಮಡಿಕೇರಿ ಪೇಟೆಯ ಪಾರ್ಕಿಂಗ್‌ಗೆ ಅಂಕ ಕೊಡದಿರುವುದೇ ಮರ್ಯಾದೆ. ಓಣಿಗಳು ಕಿರಿದು, ಏರಿಳಿತ ಬೇರೆ. ಸಂತೆಯ ಶುಕ್ರವಾರ ಕೇಳುವುದೇ ಬೇಡ. ಕಾರು ತಂಗುವಲ್ಲೇ ಬಿಟ್ಟು ಕೋಟೆ, ಓಂಕಾರೇಶ್ವರ, ರಾಜಾಸೀಟ್ ನಡೆದೇ ನೋಡಬಹುದು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರಕ್ಕೆ ಗುಮ್ಮಟ, ಮಿನಾರು ಇರುವುದರಿಂದ ಮೊದಲ ಸಲ ಬಂದವರು ದೇವಸ್ಥಾನ ಎಲ್ಲಿ ಎಂದು ಕೇಳುವುದುಂಟು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಸಂಜೆಗೇ ಹೋಗಿ. ರಾಜಾಸೀಟಿನ ಸೂರ್ಯಾಸ್ತ ಜುಲೈ, ಆಗಸ್ಟಿನಲ್ಲಿ ಬಿಳಿ ಪರದೆ ಅಷ್ಟೇ. ಅಬ್ಬಿಯನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಏಳೆಂಟು ಕಿ.ಮೀ. ದಾರಿ ಕಿರಿದು, ಹತ್ತರ ಮೇಲೆ ಎದುರುಬದುರು ಸಿಕ್ಕಿಕೊಂಡ ಗಾಡಿಗಳು ಹಿಂದೆ ಸರಿಯಲಾಗದೆ ನಿಲ್ಲುತ್ತವೆ. ಮೆಟ್ಟಿಲು ಇಳಿಯುವುದು ಸುಲಭ, ಮಂಡಿ ನೋವಿನವರು ಹತ್ತುವ ಲೆಕ್ಕ ಹಾಕಿಕೊಂಡೇ ಇಳಿಯಲಿ. ಮಳೆಗಾಲದಲ್ಲಿ ಜಿಗಣೆಗೆ ಒಂದು ಪೊಟ್ಟಣ ಉಪ್ಪು.

ಕಾಲ ಯಾವುದು? ನೀರು ಬೇಕೆಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್, ಆದರೆ ಮಡಿಕೇರಿ ದಸರೆಯಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪದ ರಾತ್ರಿ ಕೋಣೆ ಸಿಗುವ ಆಸೆ ಬಿಡಿ. ಕಾಫಿ ಹಣ್ಣು ನೋಡಲು ಡಿಸೆಂಬರ್, ಜನವರಿ. ಈ ದಾರಿಗೆ ನಿಜವಾದ ಐದು ನಕ್ಷತ್ರ ಸಲ್ಲುವುದು ಹೂಮಳೆ ಬಿದ್ದ ಮೇಲೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಮಳೆ ಹನಿದರೆ ಒಂದು ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ. ಹೂ ನಿಲ್ಲುವುದು ಎರಡು ಮೂರು ದಿನ ಮಾತ್ರ, ಮೊದಲೇ ಬುಕ್ ಮಾಡಿ ಹಿಡಿಯಲಾಗದು. ಸಿಕ್ಕರೆ ಸುಂಟಿಕೊಪ್ಪದಿಂದ ಎಸಿ ಆರಿಸಿ ಕಿಟಕಿ ಇಳಿಸಿ, ಮಲ್ಲಿಗೆಯಂಥ ಘಮ.

ಮರಳುವ ದಿನ ಖರೀದಿ ಮಡಿಕೇರಿಯಲ್ಲೇ ಮುಗಿಸಿ. ಕಾಫಿ ಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಎಂದು ಕೇಳಿ, ಪೊಟ್ಟಣದ ಮೇಲೂ ಶೇಕಡಾವಾರು ಬರೆದಿರಬೇಕು. ಮೈಸೂರಿನ ಫಿಲ್ಟರಿಗೆ ಕಾಫಿ, ಚಿಕೋರಿ 80:20 ಹದ. ಕಾಲು ಕಿಲೋ ಮೇಲೆ ಬೇಡ, ಪುಡಿ ತಿಂಗಳೊಳಗೆ ಸಪ್ಪೆಯಾಗುತ್ತದೆ. ಕಾಚಂಪುಳಿ ಬಾಟಲಿ ಓರೆ ಮಾಡಿ ನೋಡಿ: ಪಾಕದಂತೆ ನಿಧಾನ ಹರಿಯಬೇಕು, ನೀರಿನಂತೆ ಓಡಿದರೆ ಬಿಡಿ. ಕಿಲೋ ಪಂದಿ ಕರಿಗೆ ಒಂದೆರಡು ಚಮಚ ಸಾಕಾಗುವುದರಿಂದ ಚಿಕ್ಕ ಬಾಟಲಿಯೇ ವರ್ಷ ಬರುತ್ತದೆ.

ಮಧ್ಯಾಹ್ನ ಎರಡಕ್ಕೆ ಕುಶಾಲನಗರ ಬಿಟ್ಟು ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಬಲಕ್ಕೆ ನಾಮ್‌ಡ್ರೋಲಿಂಗ್ ಮಠ, ಅದೇ ಗೋಲ್ಡನ್ ಟೆಂಪಲ್. ಪ್ರವೇಶಕ್ಕೆ ದುಡ್ಡಿಲ್ಲ. 60 ಅಡಿಯ ಬುದ್ಧ, ಎಡಬಲಕ್ಕೆ ಪದ್ಮಸಂಭವ, ಅಮಿತಾಯು. ಬೆಳಗಿನ ಬಸ್ಸುಗಳು ಹೋಗಿರುತ್ತವೆ, ಒಳಗೆ ನೆಲದಲ್ಲಿ ಕೂರಲು ಜಾಗವಿರುತ್ತದೆ. ವಿದೇಶಿ ಪಾಸ್‌ಪೋರ್ಟಿನ ನೆಂಟರು ಜೊತೆಗಿದ್ದರೆ ನೋಡಿಕೊಂಡು ಬರಬಹುದು, ರಾತ್ರಿ ತಂಗಲು ಮಾತ್ರ ಮೊದಲೇ ಅನುಮತಿ ಬೇಕು. ಒಂದು ತಟ್ಟೆ ಮೊಮೊ ತಿಂದು ನಾಲ್ಕಕ್ಕೆ ಹೊರಟರೆ ಇಳಿಬಿಸಿಲು ಮತ್ತೆ ಬೆನ್ನಿಗೆ, ಆರೂವರೆಯೊಳಗೆ ಮೈಸೂರು. ಐದೂವರೆ ದಾಟಿಸಿದರೆ ಹುಣಸೂರಿನಿಂದಾಚೆ ಕತ್ತಲಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳನ್ನು ಎಣಿಸುತ್ತ ಬರಬೇಕಾಗುತ್ತದೆ.