ಟೆಲಿ ಮಾನಸ್ 14416: ನಮ್ಮತ್ತೆಗೆ ಕನ್ನಡದಲ್ಲೇ ಸಿಕ್ಕ ನೆರವು
ಮಾವ ಹೋದಮೇಲೆ ಅತ್ತೆ ಊಟ, ಮಾತು ಎರಡನ್ನೂ ಬಿಟ್ಟರು. ನಾವಿರೋದು ಪುಣೆಯ ಭೋಸರಿಯಲ್ಲಿ. ಯಜಮಾನರ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಾರ್ಡಿನಲ್ಲಿ ಅತ್ತೆಯ ಹೆಸರೂ ಇದೆ. ಆದರೆ ಹತ್ತಿರದ ಖಾಸಗಿ ಕೌನ್ಸೆಲಿಂಗ್ ಸೆಂಟರಿನವರು "ಇದು ಇಲ್ಲಿ ನಡೆಯಲ್ಲ" ಅಂದರು. ಇಎಸ್‌ಐ ನಡೆಯುವುದು ಅದರದೇ ದವಾಖಾನೆ, ಆಸ್ಪತ್ರೆ, ಇಲ್ಲವೇ ಅಲ್ಲಿಂದ ಚೀಟಿ ಬರೆದುಕೊಟ್ಟ ಕಡೆ.

ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. 2022ರಲ್ಲಿ ಶುರುವಾದ ಸೇವೆ. 24 ಗಂಟೆಯೂ ಇರುತ್ತೆ, ದುಡ್ಡು ಕೊಡಬೇಕಿಲ್ಲ. ಭಾಷೆಗಳಲ್ಲಿ ಕನ್ನಡವೂ ಇದೆ. ಅತ್ತೆಗೆ ಮರಾಠಿ ಬರಲ್ಲ, ಹಾಗಾಗಿ ನಮಗೆ ಇದೇ ದೊಡ್ಡದು. "ಅಮ್ಮಾ, ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಗುತ್ತೆ?" ಅಂತ ಕೇಳಿದರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಉತ್ತರ ಕೊಟ್ಟರು. ಆ ಕಡೆಯವರು ಒಂಚೂರೂ ಅವಸರ ಮಾಡಲಿಲ್ಲ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ (ರೋಗಿಗೂ ಮನೆಯವರಿಗೂ ನೆರವಾಗುವವರು) ಹುದ್ದೆಯೂ ಇರುತ್ತೆ, ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ಅಂದಿದ್ದೂ ಅವರೇ. ಹೋದೆವು, ಸೋಶಿಯಲ್ ವರ್ಕರ್ ಸಿಕ್ಕರು. ಅತ್ತೆಯನ್ನಷ್ಟೇ ಅಲ್ಲ, ನಮ್ಮನ್ನೂ ಕೂರಿಸಿಕೊಂಡು ಹಗಲು ಮನೆಯಲ್ಲಿ ಜೊತೆಗೆ ಯಾರಿರ್ತೀರಿ ಅಂತ ಕೇಳಿದರು. ಮಾತೆಲ್ಲ ಮರಾಠಿಯಲ್ಲಿ, ನಾನೇ ಅತ್ತೆಗೆ ಹೇಳುತ್ತಿದ್ದೆ. ಕಾಯೋದು ಜಾಸ್ತಿ, ಬೆಳಿಗ್ಗೆ ಬೇಗ ಹೋಗಿ. ಇಎಸ್‌ಐ ದವಾಖಾನೆಯಲ್ಲೂ ಸುಮ್ನೆ ಕೂರಬೇಡಿ, ಮನೋವೈದ್ಯರ ಹತ್ತಿರ ಹೋಗೋಕೆ ಚೀಟಿ ಬರೆದುಕೊಡಿ ಅಂತ ಬಾಯಿಬಿಟ್ಟು ಕೇಳಿ.