ಪೈಥಾನ್ 3.11ಕ್ಕೆ ಬಂದ ಮೇಲೆ ಕೈಹಿಡಿದ ಪೈ-ಸ್ಪೈ: ದೀರ್ಘ ಬಳಕೆಯ ನಂತರದ ಅನಿಸಿಕೆ

ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ 3.11ನೇ ಆವೃತ್ತಿ ತನ್ನ ಹಿಂದಿನ 3.10ಕ್ಕಿಂತ ಸರಾಸರಿ 1.25 ಪಟ್ಟು ವೇಗವಾಗಿದೆ ಎಂದು ಅದನ್ನು ರೂಪಿಸಿದವರೇ ಪ್ರಕಟಿಸಿದ್ದರು. ಹಾಗಾಗಿ 3.8ರಲ್ಲಿ ಸಲೀಸಾಗಿ ಓಡುತ್ತಿದ್ದ ನಮ್ಮ ಲೆಕ್ಕಪತ್ರದ ವೆಬ್ ಅಪ್ಲಿಕೇಶನ್ ಹೊಸ ಆವೃತ್ತಿಗೆ ಬಂದೊಡನೆ ಕುಂಟತೊಡಗಿದಾಗ ತಂಡದಲ್ಲಿ ಯಾರಿಗೂ ನಂಬಲಾಗಲಿಲ್ಲ. ಉಳಿದ ಪುಟಗಳೆಲ್ಲ ಚೆನ್ನಾಗಿಯೇ ತೆರೆಯುತ್ತಿದ್ದವು, ಬಡ್ಡಿ ವರದಿಯ ಪುಟವೊಂದೇ ತಡವರಿಸುತ್ತಿತ್ತು. ಹಳೆಯ ಆವೃತ್ತಿಗೇ ಮರಳೋಣ ಎಂಬ ಮಾತು ಬಲವಾಗುತ್ತಿದ್ದಾಗ, ತಿಂಗಳ ಬಾಡಿಗೆಯ ನಿಗಾ ಸೇವೆಗಳಿಗೆ ಹಣವಿಲ್ಲದ ನಾವು ಉಚಿತವಾಗಿ ಸಿಗುವ, ಪೈಥಾನ್ ಪ್ರೋಗ್ರಾಂ ಎಲ್ಲಿ ಸಮಯ ಕಳೆಯುತ್ತಿದೆ ಎಂದು ತೋರಿಸುವ ಪೈ-ಸ್ಪೈ ಎಂಬ ಸಾಧನದ ಮೊರೆಹೋದೆವು.

ಇದರ ಗುಣ ಒಂದೇ ಮಾತಿನಲ್ಲಿ ಹೇಳಬಹುದಾದದ್ದು: ಓಡುತ್ತಿರುವ ಪ್ರಕ್ರಿಯೆಯನ್ನು ಮರುಪ್ರಾರಂಭಿಸದೆ, ನಮ್ಮ ಕೋಡ್‌ನಲ್ಲಿ ಒಂದು ಸಾಲನ್ನೂ ಬದಲಿಸದೆ, ಹೊರಗಿನಿಂದಲೇ ಅದರ ಮೆಮೊರಿಯನ್ನು ಓದಿ, ಈ ಕ್ಷಣ ಯಾವ ಫಂಕ್ಷನ್ ನಡೆಯುತ್ತಿದೆ ಎಂದು ಹೇಳುತ್ತದೆ. ಬೇರೇನೂ ಸೂಚಿಸದಿದ್ದರೆ ಸೆಕೆಂಡಿಗೆ 100 ಬಾರಿ ಇಣುಕಿ, ಕಂಡದ್ದನ್ನೆಲ್ಲ ಫ್ಲೇಮ್ ಗ್ರಾಫ್ ಆಗಿ, ಅಂದರೆ ಹೆಚ್ಚು ಸಮಯ ತಿಂದ ಫಂಕ್ಷನ್‌ಗೆ ಹೆಚ್ಚು ಅಗಲದ ಪಟ್ಟಿ ಇರುವ ಚಿತ್ರವಾಗಿ, ಬಿಡಿಸಿಕೊಡುತ್ತದೆ. ನಮ್ಮ ಗ್ರಾಫ್‌ನ ಅರ್ಧಕ್ಕಿಂತ ಹೆಚ್ಚು ಅಗಲವನ್ನು ಆಕ್ರಮಿಸಿದ್ದು ಬಡ್ಡಿಯ ಲೆಕ್ಕವೂ ಅಲ್ಲ, ನಮ್ಮ ವೆಬ್ ಚೌಕಟ್ಟಾದ ಜಾಂಗೋ ಕೂಡ ಅಲ್ಲ. ಅಲ್ಲಿದ್ದದ್ದು ಪೈಯಾಮಲ್ ಲೈಬ್ರರಿಯ ಸ್ಕ್ಯಾನರ್ ಕಡತದ ಫಂಕ್ಷನ್‌ಗಳು, ಅಂದರೆ ಯಾಮಲ್ ಕಡತವನ್ನು (ಸೆಟ್ಟಿಂಗ್‌ಗಳನ್ನು ಸರಳ ಪಠ್ಯವಾಗಿ ಬರೆದಿಡುವ ಕಡತ) ಅಕ್ಷರಕ್ಕಕ್ಷರ ಓದಿ ಒಡೆಯುವ, ಶುದ್ಧ ಪೈಥಾನ್‌ನಲ್ಲಿ ಬರೆದ ಭಾಗ.

ಬಡ್ಡಿ ದರಗಳ ಪಟ್ಟಿ ಒಂದು ಯಾಮಲ್ ಕಡತದಲ್ಲಿತ್ತು, ವರದಿ ಕೇಳಿದಾಗಲೆಲ್ಲ ಅದನ್ನು ಹೊಸದಾಗಿ ಓದುವುದು ಬಳುವಳಿಯಾಗಿ ಬಂದ ಕೋಡ್‌ನ ಪದ್ಧತಿ. ಆ ಕೋಡ್‌ನ ತಲೆಯಲ್ಲಿ ಎಲ್ಲರೂ ಬರೆಯುವಂಥ ನಾಲ್ಕು ಸಾಲುಗಳಿದ್ದವು: ಸಿ ಭಾಷೆಯ ವೇಗದ ಲೋಡರ್ (ಕಡತ ಓದುವ ಭಾಗ) ಸಿಕ್ಕರೆ ಅದನ್ನು ತೆಗೆದುಕೋ, ಇಂಪೋರ್ಟ್ ಎರರ್ ಬಂದರೆ ಸದ್ದಿಲ್ಲದೆ ಸಾಮಾನ್ಯ ಲೋಡರ್ ಬಳಸು. ಹಳೆಯ ಕಂಟೇನರ್ (ಅಪ್ಲಿಕೇಶನ್ ಓಡುವ ಪ್ರತ್ಯೇಕ ಆವರಣ) ಪೂರ್ಣ ಗಾತ್ರದ ಪೈಥಾನ್ ಇಮೇಜ್ (ಅದರ ಸಿದ್ಧ ಅಚ್ಚು) ಮೇಲೆ ನಿಂತಿತ್ತು. ಅದರಲ್ಲಿ ಜಿಸಿಸಿ ಎಂಬ ಸಿ ಕಂಪೈಲರೂ ಯಾಮಲ್ ಓದುವ ಸಿ ಲೈಬ್ರರಿ ಲಿಬ್‌ಯಾಮಲ್ ಕೂಡ ಇದ್ದುದರಿಂದ ವೇಗದ ಲೋಡರ್ ತಾನಾಗಿ ತಯಾರಾಗುತ್ತಿತ್ತು. ಆವೃತ್ತಿ ಬದಲಿಸುವಾಗ, ಗಾತ್ರ ಇಳಿಯಲಿ ಎಂದು ಸ್ಲಿಮ್ ಎಂಬ ಚಿಕ್ಕ ಇಮೇಜ್ ಆರಿಸಲಾಗಿತ್ತು. ಅದರಲ್ಲಿ ಇವೆರಡೂ ಇರುವುದಿಲ್ಲ. ಲೈಬ್ರರಿಗಳನ್ನು ಸ್ಥಾಪಿಸುವ ಪಿಪ್ ಯಾವ ತಕರಾರೂ ಮಾಡದೆ ಶುದ್ಧ ಪೈಥಾನ್ ಭಾಗವನ್ನಷ್ಟೇ ಸ್ಥಾಪಿಸಿ ಕೈತೊಳೆದುಕೊಂಡಿತ್ತು. ಸಿದ್ಧ ವೀಲ್ (ಮೊದಲೇ ಕಂಪೈಲ್ ಮಾಡಿದ ಕಟ್ಟು) ಇರುವ ಹೊಸ ಪೈಯಾಮಲ್ ಹಾಕಿ, ಕಡತವನ್ನು ಒಮ್ಮೆ ಮಾತ್ರ ಓದುವಂತೆ ಮಾಡಿದೊಡನೆ ಪುಟ ಮೊದಲಿಗಿಂತಲೂ ಚುರುಕಾಯಿತು. 3.11ರ ಮೇಲಿದ್ದ ಆರೋಪವೂ ಅಲ್ಲಿಗೆ ಬಿದ್ದುಹೋಯಿತು.

ಈಗ ಪ್ರತಿ ಬಿಡುಗಡೆಗೆ ಮುಂಚೆ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಅರ್ಧ ನಿಮಿಷದ ದಾಖಲೆ ತೆಗೆದು, ಕಡತದ ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಸೇರಿಸಿ, ಹಿಂದಿನದರ ಪಕ್ಕದಲ್ಲಿ ತೆರೆದು ನೋಡುವುದು ನನಗೆ ರೂಢಿ. ಯಾವ ಪಟ್ಟಿ ಅಗಲವಾಗಿದೆ ಎಂದು ಬೆರಳಿಟ್ಟು ತೋರಿಸಬಹುದಾದ್ದರಿಂದ, ಕೋಡ್ ಬರೆಯದ ನಮ್ಮ ವ್ಯವಸ್ಥಾಪಕರೂ ಇದನ್ನು ಕುತೂಹಲದಿಂದ ನೋಡುತ್ತಾರೆ.

ಆದರೆ ಬಳಸಿದಷ್ಟೂ ಒಂದು ಕೊರತೆ ಕಿರಿಕಿರಿ ಮಾಡುತ್ತಲೇ ಇದೆ. ಡೇಟಾಬೇಸ್‌ನ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಿರುವ ಥ್ರೆಡ್‌ಗಳನ್ನು (ಪ್ರೋಗ್ರಾಂ ಒಳಗೆ ಏಕಕಾಲದಲ್ಲಿ ನಡೆಯುವ ಕೆಲಸದ ಎಳೆಗಳನ್ನು) ಪೈ-ಸ್ಪೈ ನಿಷ್ಕ್ರಿಯವೆಂದು ಪರಿಗಣಿಸಿ, ನಾವಾಗಿ ಕೇಳದ ಹೊರತು, ಲೆಕ್ಕಕ್ಕೇ ಹಿಡಿಯುವುದಿಲ್ಲ. ವೆಬ್ ಅಪ್ಲಿಕೇಶನ್‌ನ ಬಹುಪಾಲು ನಿಧಾನ ಇರುವುದೇ ಆ ಕಾಯುವಿಕೆಯಲ್ಲಿ. ಇನ್ನೊಮ್ಮೆ ಇಂಡೆಕ್ಸ್ ಇಲ್ಲದ ಟೇಬಲ್ ಒಂದು ಪುಟವನ್ನು ಸತಾಯಿಸುತ್ತಿದ್ದಾಗ, ಗ್ರಾಫ್ ಮಾತ್ರ ಏನೂ ಆಗಿಲ್ಲವೆಂಬಂತೆ ಸಪಾಟಾಗಿ ಮಲಗಿತ್ತು. ನಿಷ್ಕ್ರಿಯ ಥ್ರೆಡ್‌ಗಳನ್ನೂ ತೋರಿಸುವ ಐಡಲ್ ಆಯ್ಕೆ ಹಾಕಿದರೆ ಕೆಲಸವಿಲ್ಲದೆ ಕುಳಿತ ವರ್ಕರ್‌ಗಳೂ ನುಗ್ಗಿ ಗ್ರಾಫ್ ಕಲಸುಮೇಲೋಗರವಾಗುತ್ತದೆ. ಅಂಥಲ್ಲಿ ನಾನು, ಆ ಕ್ಷಣ ಪ್ರತಿ ಥ್ರೆಡ್ ಎಲ್ಲಿದೆ ಎಂದು ತೋರಿಸುವ ಡಂಪ್ ಆದೇಶವನ್ನು ನಾಲ್ಕಾರು ಸಲ ಬೆನ್ನುಬೆನ್ನಿಗೆ ಕೊಟ್ಟು, ಪ್ರತಿ ಸಲವೂ ಡೇಟಾಬೇಸ್ ಡ್ರೈವರ್‌ನ ಅದೇ ಸಾಲಿನಲ್ಲಿ ನಿಂತಿರುವ ಥ್ರೆಡ್ ಯಾವುದು ಎಂದು ಕಣ್ಣಾರೆ ಹುಡುಕುತ್ತೇನೆ.

ಇನ್ನೆರಡು ವಿಷಯ ಗಮನದಲ್ಲಿರಲಿ. ಪೈಥಾನ್‌ನ ಒಳರಚನೆಯನ್ನೇ ಓದುವ ಸಾಧನವಾದ್ದರಿಂದ, ಭಾಷೆಯ ಪ್ರತಿ ಹೊಸ ಆವೃತ್ತಿಗೂ ಇದು ಹೊಂದಿಕೊಳ್ಳಬೇಕು. ಆವೃತ್ತಿ ಬದಲಿಸುವ ಮುನ್ನ ಬೆಂಬಲ ಬಂದಿದೆಯೇ ಎಂದು ನೋಡಿಕೊಳ್ಳಿ. ಕಂಟೇನರ್‌ಗಳನ್ನು ನಡೆಸುವ ಡಾಕರ್ ಒಳಗೆ ಓಡಿಸಲು, ಬೇರೊಂದು ಪ್ರಕ್ರಿಯೆಯೊಳಗೆ ಇಣುಕಲು ಬಿಡುವ ಪಿಟ್ರೇಸ್ ಅನುಮತಿಯೂ ಬೇಕು. ನಮ್ಮ ಹೋಸ್ಟಿಂಗ್‌ನವರು ಅದನ್ನು ಕೊಡಲು ಒಪ್ಪದ ಕಾರಣ, ಗಿರಾಕಿಗಳ ಸರ್ವರ್‌ನಲ್ಲಿ ಇದು ಇನ್ನೂ ಕಾಲಿಟ್ಟಿಲ್ಲ, ಪರೀಕ್ಷಾ ಸರ್ವರ್‌ನಲ್ಲಷ್ಟೇ ದುಡಿಯುತ್ತಿದೆ.